ಸಂಡೂರಿನ ತಮ್ಮನಿಗೆ, ಬಣ್ಣ ಹಚ್ಚುವ ಮುನ್ನ

ಹೊಸಪೇಟೆ

ಪ್ರೀತಿಯ ತಮ್ಮಾ,

ನಿನ್ನ ಪತ್ರ ಬಂತು. ಮೈನ್ಸ್ ಆಫೀಸಿನ ಕೆಲಸಕ್ಕೆ ರಾಜೀನಾಮೆ ಕೊಟ್ಟು ಬೆಂಗಳೂರಿಗೆ ಹೋಗಿ ಸಿನಿಮಾ ನಟನಾಗುತ್ತೇನೆ, ನಿಮ್ಮ ಅಭಿಪ್ರಾಯ ತಿಳಿಸಿ ಎಂದಿದ್ದೀಯ. ಈ ವಯಸ್ಸಿನಲ್ಲಿ ಆಸೆಪಡದೆ ಇನ್ಯಾವಾಗ ಪಡುತ್ತೀಯ? ಅದಕ್ಕೆ ನನ್ನ ತಕರಾರಿಲ್ಲ. ತಕರಾರಿರುವುದು ಪತ್ರದ ಕೊನೆಯ ಮಾತಿಗೆ. ನಮ್ಮ ಧೂಳಿನ ಸೀಮೆಯಲ್ಲಿ ಲಾರಿ ಓನರುಗಳು ಹುಟ್ಟುತ್ತಾರೆಯೇ ಹೊರತು ನಟರು ಹುಟ್ಟುವುದಿಲ್ಲ, ಇಲ್ಲಿ ಯಾರನ್ನು ನೋಡಿ ಕಲಿಯಲಿ ಎಂದು ಬರೆದಿದ್ದೀಯಲ್ಲ, ಅದು ನಿಜವಲ್ಲ. ಇದೇ ಮಾತನ್ನು ಕಂಪ್ಲಿಯ ಹುಡುಗರ ಬಾಯಲ್ಲೂ ಹೊಸಪೇಟೆ ಕಾಲೇಜಿನ ಹುಡುಗಿಯರ ಬಾಯಲ್ಲೂ ಕೇಳಿದ್ದೇನೆ. ಅದಕ್ಕೇ ಉತ್ತರವನ್ನು ನಿನಗೊಬ್ಬನಿಗೇ ಕಳಿಸದೆ ಪತ್ರಿಕೆಗೆ ಕೊಡುತ್ತಿದ್ದೇನೆ. ಬೇಸರ ಮಾಡಿಕೊಳ್ಳಬೇಡ.

ಹಂಪಿಗೆ ಹೋಗುವಾಗ ಕಮಲಾಪುರ ದಾಟುತ್ತೀಯಲ್ಲ, ಆ ಊರಲ್ಲಿ 1854ರಲ್ಲಿ ಕೊಲಾಚಲಂ ಶ್ರೀನಿವಾಸರಾವ್ ಹುಟ್ಟಿದರು. ಮುಂದೆ ಬಳ್ಳಾರಿಯಲ್ಲಿ ವಕೀಲರಾದರು, ತೆಲುಗಿನಲ್ಲಿ ಸಾಲುಸಾಲು ನಾಟಕ ಬರೆದರು, ಸುಮನೋರಮಾ ಸಭಾ ಎಂಬ ನಾಟಕ ಸಂಘ ಕಟ್ಟಿದರು. ಅದೇ ಬಳ್ಳಾರಿಯಲ್ಲಿ ಇನ್ನೊಬ್ಬ ವಕೀಲರು ಧರ್ಮವರಂ ರಾಮಕೃಷ್ಣಾಚಾರ್ಯರು, ಅವರದು ಸರಸ ವಿನೋದಿನಿ ಸಭಾ. ಹಗಲು ಕೋರ್ಟಿನಲ್ಲಿ ಎದುರುಬದುರು ನಿಲ್ಲುವ ಜನ ರಾತ್ರಿ ರಂಗದ ಮೇಲೂ ಪೈಪೋಟಿಗೆ ಬಿದ್ದಿದ್ದ ಊರು ಅದು. ಹಾಳು ಹಂಪಿಯನ್ನು ಪಕ್ಕದಲ್ಲಿಟ್ಟುಕೊಂಡು ಹುಟ್ಟಿದ ಕೊಲಾಚಲಂ, ವಿಜಯನಗರ ಸೋತ 1565ರ ಯುದ್ಧವನ್ನೂ ಅದರಲ್ಲಿ ಸೇನೆ ನಡೆಸಿದ ರಾಮರಾಯನ ಕೊನೆಯನ್ನೂ ನಾಟಕ ಮಾಡಿದರು. ಅದರಲ್ಲಿ ಪಠಾಣ ರುಸ್ತುಂ ಎಂಬ ಪಾರ್ಟು ಇದೆ. ಆ ಪಾರ್ಟಿನಿಂದ ಹೆಸರಾದವರೇ ಧರ್ಮವರಂ ಅವರ ಸೋದರಳಿಯ, ಬಳ್ಳಾರಿ ರಾಘವ.

ಹೆಸರು ಕೇಳಿರುತ್ತೀಯ, ಬಳ್ಳಾರಿಯ ರಾಘವ ಕಲಾಮಂದಿರದ ಮುಂದೆ ಓಡಾಡಿಯೂ ಇರುತ್ತೀಯ. ಆ ಮನುಷ್ಯ ಯಾರೆಂದು ಮಾತ್ರ ಯಾರೂ ನಿನಗೆ ಹೇಳಿರಲಿಕ್ಕಿಲ್ಲ. 1880ರ ಆಗಸ್ಟ್ 2ರಂದು ತಾಡಪತ್ರಿಯಲ್ಲಿ ಹುಟ್ಟಿದವರು, ಬೆಳೆದದ್ದು ಬಳ್ಳಾರಿಯಲ್ಲಿ. ತಂದೆ ಶಾಲೆಯಲ್ಲಿ ತೆಲುಗು ಪಂಡಿತರು. ಮದರಾಸಿನ ಕ್ರಿಶ್ಚಿಯನ್ ಕಾಲೇಜಿನಲ್ಲಿ ಪದವಿ, ಆಮೇಲೆ ಲಾ. ಬಳ್ಳಾರಿಗೆ ಮರಳಿ ವಕೀಲಿ ಹಿಡಿದರು, ಪಬ್ಲಿಕ್ ಪ್ರಾಸಿಕ್ಯೂಟರ್ ಕೂಡ ಆದರು. ಹರಿಶ್ಚಂದ್ರ, ಹಿರಣ್ಯಕಶಿಪು, ದುರ್ಯೋಧನ, ಒಥೆಲೊ, ಶೈಲಾಕ್ ಎಲ್ಲವನ್ನೂ ಆಡಿದ್ದು ಈ ಕರಿ ಕೋಟಿನ ಮನುಷ್ಯನೇ. ತೆಲುಗು, ಕನ್ನಡ, ಹಿಂದಿ, ಇಂಗ್ಲಿಷ್ ನಾಲ್ಕರಲ್ಲೂ ಆಡಿದರು. 1920ರ ದಶಕದ ಕೊನೆಗೆ ಯುರೋಪಿಗೆ ಹೋಗಿ ಅಲ್ಲಿಯ ರಂಗಭೂಮಿ ನೋಡಿ, ಬರ್ನಾರ್ಡ್ ಷಾ ಅವರನ್ನೂ ಭೇಟಿಯಾಗಿ ಬಂದರು. ಅವರ ಬಗ್ಗೆ ಯಾರು ಯಾರು ಏನೇನು ಹೊಗಳಿದರೆಂಬ ಕತೆಗಳು ಬೇಕಾದಷ್ಟಿವೆ. ಅವುಗಳಲ್ಲಿ ಅರ್ಧ ಅಭಿಮಾನಿಗಳು ಬೆಳೆಸಿದವು ಎಂಬ ಗುಮಾನಿ ನನಗಿದೆ, ಅದಕ್ಕೇ ಇಲ್ಲಿ ಬರೆಯುವುದಿಲ್ಲ. ಹೊಗಳಿಕೆಯಿಂದ ನೀನು ಕಲಿಯುವುದೂ ಏನಿಲ್ಲ.

ಕಲಿಯಬೇಕಾದ್ದು ಬೇರೆ ಇದೆ. ಆ ಕಾಲದ ನಾಟಕವೆಂದರೆ ಪದ್ಯ. ನಟನೊಬ್ಬ ರಾಗ ಹಿಡಿದನೆಂದರೆ ಕತೆ ಅಲ್ಲೇ ನಿಂತು ಕಾಯಬೇಕು. ಹೆಣದ ಮುಂದೆ ನಿಂತ ಚಂದ್ರಮತಿಯೂ ಆಲಾಪ ಮುಗಿಸಿಯೇ ಅಳಬೇಕು. ಜನ ವನ್ಸ್‌ಮೋರ್ ಅಂದರೆ ಸತ್ತವನೂ ಎದ್ದು ಇನ್ನೊಮ್ಮೆ ಹಾಡುತ್ತಿದ್ದ. ಇಂಥ ಹೊತ್ತಿನಲ್ಲಿ ರಾಘವ ರಾಗ ಕಡಿಮೆ ಮಾಡಿ ಮಾತಿಗೆ ಬಂದರು. ಕೋಪ ಬಂದವನು ಹೇಗೆ ಮಾತಾಡುತ್ತಾನೋ ಹಾಗೆ, ಎದೆ ಒಡೆದವನು ಹೇಗೆ ಸುಮ್ಮನಾಗುತ್ತಾನೋ ಹಾಗೆ. ಹಾಡು ಬಾರದ್ದರಿಂದ ಹೀಗೆ ಮಾಡುತ್ತಾನೆ ಎಂದು ಹಂಗಿಸುವವರು ಇರದೇ ಹೋಗಲು ಸಾಧ್ಯವೇ? ಅವರು ತಮ್ಮ ದಾರಿ ಬಿಡಲಿಲ್ಲ. ಗಂಡಸರೇ ಸೀರೆ ಉಟ್ಟು ದ್ರೌಪದಿಯಾಗುತ್ತಿದ್ದ ದಿನಗಳಲ್ಲಿ ಹೆಣ್ಣಿನ ಪಾರ್ಟನ್ನು ಹೆಣ್ಣೇ ಮಾಡಬೇಕೆಂದು ಹಟ ಹಿಡಿದರು. ಕೊಮ್ಮೂರಿ ಪದ್ಮಾವತಿ ದೇವಿಯವರಂಥ ಓದಿದ ಮನೆತನದ ಹೆಣ್ಣುಮಕ್ಕಳು ಅವರ ಜತೆ ರಂಗಕ್ಕೆ ಬಂದರು.

ಈ ಧೈರ್ಯ ಎಲ್ಲಿಂದ ಬಂತು ಎಂದು ಯೋಚಿಸಿದ್ದೀಯಾ? ನನ್ನ ಲೆಕ್ಕದಲ್ಲಿ ಅದು ಬಂದದ್ದು ವಕೀಲಿಯಿಂದ. ರಾಘವ ನಾಟಕದ ದುಡ್ಡಿನಿಂದ ಮನೆ ನಡೆಸಬೇಕಾಗಿರಲಿಲ್ಲ. ಆಡಿ ಬಂದ ಹಣವನ್ನು ಪರೋಪಕಾರಕ್ಕೆ ಕೊಟ್ಟುಬಿಡುತ್ತಿದ್ದರು. ಕಂಪನಿ ಮಾಲೀಕನಿಗೂ ಗಲ್ಲಾಪೆಟ್ಟಿಗೆಗೂ ಹೆದರಬೇಕಿಲ್ಲದ ನಟ, ಪ್ರೇಕ್ಷಕರು ಕೇಳಿದ್ದನ್ನು ಕೊಡದೆ ತಾನು ನಂಬಿದ್ದನ್ನು ಕೊಡಬಲ್ಲ. ನಿನಗೆ ಕೆಲಸ ಬಿಡಬೇಡ ಎನ್ನುವುದು ಈ ಕಾರಣಕ್ಕೆ. ಸೋತರೆ ಹಿಂದೆ ಬರಲು ಒಂದು ಜಾಗ ಇರಲಿ ಎಂದು ಮನೆಯವರು ಹೇಳುತ್ತಾರೆ, ಅದು ಅಂಜಿಕೆಯ ಮಾತು. ಬಂದ ಪಾರ್ಟನ್ನು ಒಲ್ಲೆ ಎನ್ನುವ ತಾಕತ್ತು ನಿನಗಿರಲಿ ಎಂದು ನಾನು ಹೇಳುತ್ತಿರುವುದು. ಬೆಂಗಳೂರಿನಲ್ಲಿ ರೂಮಿನ ಬಾಡಿಗೆ ಮೂರು ತಿಂಗಳು ಬಾಕಿ ಇರುವ ಹುಡುಗ ಯಾವ ಪಾರ್ಟನ್ನೂ ಒಲ್ಲೆ ಎನ್ನಲಾರ, ಎಂಥ ಮಾತನ್ನೂ ತಿದ್ದಿ ಕೊಡಿ ಎಂದು ಕೇಳಲಾರ.

ಇಷ್ಟು ಹೇಳಿ ಸುಮ್ಮನಾದರೆ ಅನ್ಯಾಯವಾಗುತ್ತದೆ. ರಾಘವರ ಸ್ವಾತಂತ್ರ್ಯ ಓದಿದ ಮೇಲ್ಜಾತಿಯ ಗಂಡಸಿನ ಸ್ವಾತಂತ್ರ್ಯ. ನಟನೆಯೇ ಅನ್ನವಾಗಿದ್ದವರು ನಮ್ಮಲ್ಲಿ ಬಹಳ ಮಂದಿ, ಅವರಲ್ಲೂ ಹೆಚ್ಚಿನವರು ಹೆಂಗಸರು. ಹೊಸಪೇಟೆ ಬಸ್ ಸ್ಟ್ಯಾಂಡಿನಿಂದ ಅರ್ಧ ತಾಸಿನ ಹಾದಿ ಮರಿಯಮ್ಮನಹಳ್ಳಿ. ಸುತ್ತಲ ಹಳ್ಳಿಗಳಲ್ಲಿ ಜಾತ್ರೆಗೆ ನಾಟಕ ಇಟ್ಟುಕೊಂಡರೆ ಪೇಟಿ ಮಾಸ್ತರು ಮೊದಲು ಹೋಗುತ್ತಿದ್ದದ್ದು ಆ ಊರಿಗೆ, ಹೆಣ್ಣಿನ ಪಾರ್ಟಿನವರನ್ನು ಗೊತ್ತು ಮಾಡಲು. ರಂಗನಟಿ ನಾಗರತ್ನಮ್ಮ ಅಲ್ಲಿಯವರು. ಜೋಗತಿ ನೃತ್ಯವನ್ನೂ ಯಲ್ಲಮ್ಮನ ಆಟವನ್ನೂ ದೇಶಕ್ಕೆ ಕಾಣಿಸಿ 2021ರಲ್ಲಿ ಪದ್ಮಶ್ರೀ ಪಡೆದ ಮಂಜಮ್ಮ ಜೋಗತಿ ನೆಲೆ ಕಂಡದ್ದೂ ಅಲ್ಲೇ. ಮನೆಯಿಂದ ಹೊರಬಿದ್ದ ಜೀವ ಕುಣಿದು ಬದುಕಿ, ಕೊನೆಗೆ ರಾಜ್ಯದ ಜಾನಪದ ಅಕಾಡೆಮಿಯ ಅಧ್ಯಕ್ಷ ಕುರ್ಚಿಯಲ್ಲಿ ಕೂತಿತು. ಬಳ್ಳಾರಿಯ ಸುಭದ್ರಮ್ಮ ಮನ್ಸೂರರನ್ನು ನೀನು ರಂಗದ ಮೇಲೆ ನೋಡಿರಲಿಕ್ಕಿಲ್ಲ, 2020ರಲ್ಲಿ ತೀರಿಕೊಂಡರು. ಕಂದಗಲ್ ಹನುಮಂತರಾಯರ ರಕ್ತರಾತ್ರಿಯಲ್ಲಿ ಅವರ ದ್ರೌಪದಿ ಬಂದು ನಿಂತರೆ ಎದುರಿನ ದುರ್ಯೋಧನ, ಊರಿನ ಗೌಡರ ಮಗನೇ ಇರಲಿ, ಮಾತು ಮರೆಯುತ್ತಿದ್ದ. ಬೆಳಗಾಗುವ ತನಕ ಗಂಟಲು ಕಾಯ್ದುಕೊಂಡು ಹಾಡಿ, ಮರುದಿನ ಇನ್ನೊಂದು ಊರಿನಲ್ಲಿ ಇನ್ನೊಂದು ಗುಂಪಿನ ಜತೆ ಆಡುವುದು ಎಂಥ ಕಸುಬು ಎಂಬುದು ನನ್ನಂಥ ಹವ್ಯಾಸಿಗಳಿಗೆ ಅರ್ಥವಾಗುವುದಿಲ್ಲ. ಈ ಹೆಂಗಸರು ಹೊಟ್ಟೆಗಾಗಿ ಆಡಿದರು, ಆದರೆ ಕಳಪೆಯಾಗಿ ಆಡಲಿಲ್ಲ. ನೀನು ಕೆಲಸ ಬಿಡುವುದೇ ಆದರೆ ಅವರ ಹಾಗೆ ಬಿಡು. ಕಸುಬು ಕೈಗೆ ಬಂದ ಮೇಲೆ.

ಇನ್ನು ಸಿನಿಮಾ. ರಾಘವ ಕ್ಯಾಮೆರಾ ಮುಂದೆ ನಿಂತಾಗ ವಯಸ್ಸು ಐವತ್ತು ದಾಟಿತ್ತು. ತೆರೆಗೆ ಅವರು ಸಿಕ್ಕಿದ್ದು ಬಲು ಕಡಿಮೆ: 1936ರ ದ್ರೌಪದಿ ಮಾನಸಂರಕ್ಷಣಂ, 1939ರ ರೈತುಬಿಡ್ಡ, 1940ರ ಚಂಡಿಕಾ. ನಡುವಿನದು ಗೂಡವಲ್ಲಿ ರಾಮಬ್ರಹ್ಮಂ ನಿರ್ದೇಶಿಸಿದ್ದು. ಜಮೀನ್ದಾರಿ ವ್ಯವಸ್ಥೆಯ ವಿರುದ್ಧ ತೆಗೆದ ಚಿತ್ರ, ಜಮೀನ್ದಾರರು ಸಿಟ್ಟಾಗಿ ಕೆಲವು ಕಡೆ ಪ್ರದರ್ಶನ ತಡೆಸಿದರು. ಅರಮನೆ ಪಾತ್ರಗಳಿಗೆ ಹೆಸರಾದ ನಟ ಅದರಲ್ಲಿ ರೈತನಾಗಿ ನಿಂತರು. ಮುಖ ಚೆನ್ನಾಗಿ ಕಾಣುವ ಪಾರ್ಟು ಕೊಡಿ ಎಂದು ಕೇಳಲಿಲ್ಲ. 1946ರ ಏಪ್ರಿಲ್ 16ರಂದು ಅವರು ತೀರಿಕೊಂಡರು. 1981ರಲ್ಲಿ ಅಂಚೆ ಇಲಾಖೆ ಅವರ ಸ್ಟಾಂಪು ತಂದಿತು. ಆಂಧ್ರದವರು ನಮ್ಮವನು ಅನ್ನುತ್ತಾರೆ, ನಾವೂ ಅನ್ನುತ್ತೇವೆ. ಬಳ್ಳಾರಿ ಮೈಸೂರು ರಾಜ್ಯಕ್ಕೆ ಸೇರಿದ್ದು 1953ರಲ್ಲಿ, ಅಷ್ಟರೊಳಗೆ ಆ ಜೀವ ಹೋಗಿ ಏಳು ವರ್ಷವಾಗಿತ್ತು. ಹಾಗಾಗಿ ಜಗಳದ ತಂಟೆ ಅವರಿಗಂತೂ ಇಲ್ಲ. ಅವರ ಜತೆ ಆಡಿ ಬೆಳೆದ ಜೋಳದರಾಶಿ ದೊಡ್ಡನಗೌಡರು ಮಾತ್ರ ಗಮಕಿಯಾಗಿ ಕನ್ನಡದ ಮನೆಮಾತಾದರು. ಜೋಳದರಾಶಿ ಅಂದೊಡನೆ ಹೊಸಪೇಟೆಯ ಗುಡ್ಡ ನೆನಪಾಗಿರಬೇಕು ನಿನಗೆ. ಅದಲ್ಲ, ಇದು ಬಳ್ಳಾರಿ ಕಡೆಯ ಹಳ್ಳಿ.

ನಟನಾಗಲು ಎಷ್ಟು ಕಾಲ ಬೇಕು ಎಂಬುದಕ್ಕೆ ದೂರದ ಇನ್ನೊಬ್ಬರನ್ನು ನೋಡು. ರಾಘವ ತೀರಿಕೊಂಡ ವರ್ಷವೇ, 1946ರ ಜೂನ್‌ನಲ್ಲಿ, ಸ್ಕಾಟ್ಲೆಂಡಿನ ಡಂಡೀ ಎಂಬ ಊರಲ್ಲಿ ನಟ ಬ್ರಯನ್ ಕಾಕ್ಸ್ ಹುಟ್ಟಿದರು. ಸಕ್ಸೆಷನ್ ಧಾರಾವಾಹಿಯ ಲೋಗನ್ ರಾಯ್ ಎಂದರೆ ನಿನಗೆ ತಟ್ಟನೆ ಗೊತ್ತಾಗಬಹುದು, ಮೊಬೈಲಿನಲ್ಲಿ ಅಂಥದ್ದನ್ನೆಲ್ಲ ನೋಡುವವನು ನೀನು. ಸಂಡೂರು ಅದಿರನ್ನು ನಂಬಿದ ಹಾಗೆ ಡಂಡೀ ಸೆಣಬನ್ನು ನಂಬಿದ್ದ ಊರು. ನಮ್ಮ ಬಂಗಾಳದ ಸೆಣಬು ಹಡಗಿನಲ್ಲಿ ಹೋಗಿ ಅಲ್ಲಿ ಗೋಣಿತಟ್ಟಾಗುತ್ತಿತ್ತು. ಕಾಕ್ಸ್ ಅವರ ತಾಯಿ ಆ ಮಿಲ್ಲುಗಳಲ್ಲಿ ದುಡಿದವರು. ಮಗನಿಗೆ ಎಂಟು ವರ್ಷವಾಗಿದ್ದಾಗ ತಂದೆ ಹೋದರು. ಹದಿಹರೆಯದಲ್ಲೇ ಶಾಲೆ ಬಿಟ್ಟ ಹುಡುಗ ಊರಿನ ರೆಪರ್ಟರಿ ನಾಟಕ ಮಂದಿರಕ್ಕೆ ಸೇರಿದ, ರಂಗ ಒರೆಸುವ ಕೆಲಸಕ್ಕೆ. ಒರೆಸುತ್ತಲೇ ನೋಡಿದ, ಆಮೇಲೆ ಲಂಡನ್ನಿನ ನಾಟಕ ಶಾಲೆಗೆ ಹೋದ. ಷೇಕ್ಸ್‌ಪಿಯರನ ಟೈಟಸ್ ಆಡಿ ದೊಡ್ಡ ಪ್ರಶಸ್ತಿ ಪಡೆದಾಗ ನಲವತ್ತು ದಾಟಿತ್ತು, ಲೋಕವೆಲ್ಲ ಗುರುತು ಹಿಡಿಯುವ ಲೋಗನ್ ರಾಯ್ ಆದಾಗ ಎಪ್ಪತ್ತೆರಡು. ಬೆಂಗಳೂರಿಗೆ ಹೋಗಿ ಎರಡು ವರ್ಷದಲ್ಲಿ ಹೀರೋ ಆಗದಿದ್ದರೆ ವಾಪಸ್ ಬರುತ್ತೇನೆ ಎಂದು ಬರೆದಿದ್ದೀಯ. ಎರಡು ವರ್ಷದ ಲೆಕ್ಕ ಎಲ್ಲಿಂದ ತಂದೆ, ಅದನ್ನು ತಿಳಿಸು.

ಈಗ ಮಾಡಬೇಕಾದ್ದು. ಹಂಪಿಗೆ ಶೂಟಿಂಗ್ ಬಂದಾಗ ಗುಂಪಿನಲ್ಲಿ ನಿಲ್ಲಲು ಓಡಬೇಡ. ಜಾಕಿ ಚಾನ್ 2005ರ ಚಿತ್ರಕ್ಕೆ ಇಲ್ಲಿಗೆ ಬಂದಿದ್ದಾಗಿನಿಂದಲೂ ನಮ್ಮ ಹುಡುಗರಿಗೆ ಆ ಹುಚ್ಚು. ಬಿಸಿಲಲ್ಲಿ ಭಲ್ಲೆ ಹಿಡಿದು ನಿಂತರೆ ಊಟ ಸಿಗುತ್ತದೆ, ನಟನೆ ಬರುವುದಿಲ್ಲ. ಆಡಿಷನ್ನಿಗೆ, ಕಾರ್ಡಿಗೆ, ಪೋರ್ಟ್‌ಫೋಲಿಯೊಗೆ ಎಂದು ಮುಂಗಡ ಕೇಳುವವನಿಗೆ ಒಂದು ಪೈಸೆ ಕೊಡಬೇಡ. ಪಾರ್ಟು ಕೊಡುವವನು ನಟನಿಗೆ ದುಡ್ಡು ಕೊಡಬೇಕು, ಇಸಿದುಕೊಳ್ಳಬಾರದು. ನಮ್ಮ ಹಳ್ಳಿ ನಾಟಕದಲ್ಲಿ ಹೀರೋ ಪಾರ್ಟಿಗೆ ಹೆಚ್ಚು ಪಟ್ಟಿ ಹಾಕಿದವನೇ ಹೀರೋ ಆಗುತ್ತಾನಲ್ಲ ಎಂದು ನೀನು ನಗಬಹುದು. ಅಲ್ಲಿ ಊರಿಗೇ ಗೊತ್ತಿರುವ ಪದ್ಧತಿ ಅದು. ದುಡ್ಡು ಸೀನರಿಗೆ, ಲೈಟಿಗೆ, ಪೇಟಿ ಮಾಸ್ತರಿಗೆ ಹೋಗುತ್ತದೆ.

ಆ ಹಳ್ಳಿ ನಾಟಕವೇ ನಿನ್ನ ಮೊದಲ ಶಾಲೆಯಾಗಲಿ. ಆದರೆ ಹೀರೋ ಪಾರ್ಟು ಕೇಳಬೇಡ. ಶಕುನಿ ಕೇಳು. ಅದೂ ಸಿಗದಿದ್ದರೆ ಎರಡೇ ಮಾತಿನ ದೂತ ಸಾಕು, ತಾಲೀಮಿಗೆ ಮಾತ್ರ ಒಂದು ರಾತ್ರಿಯೂ ತಪ್ಪಿಸಬೇಡ. ಕಂಪ್ಲಿ ಕಡೆ ಕುಮಾರರಾಮನ ದೊಡ್ಡಾಟ ಇದ್ದರೆ ಬೆಳಗಿನ ತನಕ ಕೂತು ನೋಡು. 2006ರಲ್ಲಿ ಶಿವರಾಜ್‌ಕುಮಾರ್ ಆ ಕುಮಾರರಾಮನನ್ನು ಸಿನಿಮಾದಲ್ಲಿ ಮಾಡಿದರು, ಅದನ್ನೂ ಮತ್ತೊಮ್ಮೆ ಹಾಕಿಕೊಂಡು ನೋಡು. ಮೈಕಿಲ್ಲದ ಬಯಲಿನಲ್ಲಿ ಕೊನೆಯ ಸಾಲಿನವನಿಗೆ ಕಾಣಬೇಕಾದ ಕೈ ಎಷ್ಟು ಎತ್ತರಕ್ಕೆ ಏಳುತ್ತದೆ, ಮುಖದ ಹತ್ತಿರ ಕ್ಯಾಮೆರಾ ಇದ್ದಾಗ ಅದೇ ಸಿಟ್ಟಿಗೆ ಎಷ್ಟು ಸಾಕು, ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಯಾವ ಕೋಚಿಂಗ್ ಸೆಂಟರೂ ಹೇಳಿಕೊಡದ್ದು ಗೊತ್ತಾಗುತ್ತದೆ.

ಆಮೇಲೂ ಆಸೆ ಉಳಿದಿದ್ದರೆ ಹೆಗ್ಗೋಡಿನ ನೀನಾಸಂಗೆ ಅರ್ಜಿ ಹಾಕು. 1980ರಿಂದ ಅಲ್ಲಿ ರಂಗಶಿಕ್ಷಣ ಕೇಂದ್ರ ನಡೆಯುತ್ತಿದೆ. ಅಲ್ಲಿ ಅಡುಗೆಮನೆಯ ಪಾಳಿಯಿಂದ ಸೆಟ್ಟಿನ ಮೊಳೆಯವರೆಗೆ ಎಲ್ಲಕ್ಕೂ ಕೈ ಹಾಕಬೇಕಾಗುತ್ತದೆ, ಹೀರೋ ಆಗಲು ಹೋದವರಿಗೆ ಮೊದಲ ತಿಂಗಳೇ ಜ್ವರ ಇಳಿಯುತ್ತದೆ. ಇವತ್ತು ಕನ್ನಡ ಸಿನಿಮಾದಲ್ಲಿ ಯಾವ ಪಾತ್ರ ಕೊಟ್ಟರೂ ನಿಲ್ಲಿಸುವ ಅಚ್ಯುತ್ ಕುಮಾರ್ ಅಲ್ಲಿ ಕಲಿತವರು. ಸಾಣೇಹಳ್ಳಿಯ ಶಿವಸಂಚಾರವಿದೆ, ಧಾರವಾಡದಲ್ಲಿ ರಂಗಾಯಣವಿದೆ. ರಾಜೀನಾಮೆ ಪತ್ರ ಬರೆಯುವುದು ಇವುಗಳಲ್ಲೊಂದು ಬಾಗಿಲು ತೆರೆದ ಮೇಲೆ. ಅಲ್ಲಿಯವರೆಗೆ ನಿನ್ನ ಆಫೀಸೂ ವ್ಯರ್ಥವಲ್ಲ. ಅಲ್ಲಿಗೆ ತೆಲುಗು ಡ್ರೈವರು ಬರುತ್ತಾನೆ, ಬಿಹಾರಿ ಕೂಲಿ ಬರುತ್ತಾನೆ, ಉರ್ದು ಮಾತಾಡುವ ಮೆಕ್ಯಾನಿಕ್ಕು ಬರುತ್ತಾನೆ, ಲಂಬಾಣಿ ತಾಂಡಾದ ಹೆಂಗಸರು ಬರುತ್ತಾರೆ. ರಾಘವರಿಗೆ ನಾಲ್ಕು ಭಾಷೆ ಬಂದದ್ದು ಇಂಥ ಊರಿನಲ್ಲಿ ಬೆಳೆದದ್ದಕ್ಕೇ ಎಂದು ನಾನು ನಂಬಿದ್ದೇನೆ. ಕಿವಿ ತೆರೆದಿಡು.

ನಿಮ್ಮೂರಿನ ಹುಡುಗರು ಬರುವ ಜಾತ್ರೆಗೆ ರಕ್ತರಾತ್ರಿ ಹಾಕುತ್ತಾರಂತೆ. ಇವತ್ತೇ ಹೋಗಿ ಮಾಸ್ತರನ್ನು ಕಾಣು. ಯಾವ ಪಾರ್ಟು ಸಿಕ್ಕಿತೆಂದು ಬರೆ, ತಾಲೀಮು ಯಾವ ವಾರದಿಂದ ಎಂಬುದನ್ನೂ ತಿಳಿಸು. ನಾನು ಬಂದು ಕೂತು ನೋಡುತ್ತೇನೆ, ಮೊಂಡು ಮಾತು ಕಂಡರೆ ಎಲ್ಲರ ಮುಂದೆಯೇ ಹೇಳುತ್ತೇನೆ. ಅದಕ್ಕೆ ತಯಾರಿದ್ದರೆ ಕರೆ.

ಅವ್ವ ಅಪ್ಪನಿಗೆ ನನ್ನ ನಮಸ್ಕಾರ ತಿಳಿಸು.

ಇಂತಿ,
ನಿನ್ನ ಹಿತೈಷಿ