ಒಂದೇ ಡಾಕರ್, ಊರಿಗೊಂದು ಹೆಸರು

ಕಳೆದ ಸೆಮಿಸ್ಟರ್ ಲ್ಯಾಬ್ ಡೆಮೋಗೆ ಅರ್ಧ ಗಂಟೆ ಇರುವಾಗ ನನ್ನ ಉಬುಂಟು ಲ್ಯಾಪ್‌ಟಾಪ್‌ನಲ್ಲಿ ‘ಆಪ್ಟ್ ಇನ್‌ಸ್ಟಾಲ್ ಡಾಕರ್’ ಅಂತ ಹೊಡೆದೆ. ಎರರ್ ಏನೂ ಬರಲಿಲ್ಲ. ಆದ್ರೆ ‘ಡಾಕರ್ ರನ್’ ಕೊಟ್ಟರೆ, ಅಂಥ ಕಮಾಂಡೇ ಇಲ್ಲ ಅಂತು!

ಯಾಕೆ ಗೊತ್ತಾ? ಕಂಟೇನರ್‌ಗಳ ಡಾಕರ್ ಬಂದದ್ದು 2013ರಲ್ಲಿ. ಅಷ್ಟರಲ್ಲಿ ಡೆಬಿಯನ್‌ನಲ್ಲಿ ‘ಡಾಕರ್’ ಅನ್ನೋ ಬೇರೆಯೇ ಪ್ಯಾಕೇಜ್ ಇತ್ತು. ಅದು ಸ್ಕ್ರೀನಿನಲ್ಲಿ ಪುಟ್ಟ ಐಕಾನ್‌ಗಳನ್ನು ಕೂರಿಸುವ ಸಿಸ್ಟಂ ಟ್ರೇ. ಹಾಗಾಗಿ ಹೊಸಬನಿಗೆ ‘ಡಾಕರ್.ಐಒ’ ಎಂಬ ಹೆಸರು ಸಿಕ್ಕಿತು. ಡೆಬಿಯನ್‌ನಿಂದ ಹುಟ್ಟಿದ ಉಬುಂಟುವಿನಲ್ಲೂ ಅದೇ ಹೆಸರು. ಡಾಕರ್ ಕಂಪನಿ ತಾನೇ ಕೊಡೋ ಪ್ಯಾಕೇಜ್ ‘ಡಾಕರ್-ಸಿಇ’. ಫೆಡೋರಾದಲ್ಲಿ ‘ಮೋಬಿ-ಎಂಜಿನ್’.

ಕಂಟೇನರ್ ಒಳಗಿನ ಆ್ಯಪ್ ತನಗೆ ಬೇಕಾದ ಲೈಬ್ರರಿಗಳನ್ನು ಬುತ್ತಿ ಕಟ್ಟಿಕೊಂಡೇ ಬರುತ್ತೆ. ಅದಕ್ಕೇ ಯಾವ ಲಿನಕ್ಸ್ ಆದ್ರೂ ಹೆಚ್ಚುಕಮ್ಮಿ ಒಂದೇ ಥರ ಓಡುತ್ತೆ. ಆದರೆ ಅದನ್ನು ಓಡಿಸುವ ಎಂಜಿನ್ ಹೊರಗಿರುತ್ತದೆ. ಅದು ಕರ್ನಲ್ ಜೊತೆ ಮಾತಾಡಬೇಕು, ಫೈರ್‌ವಾಲ್ ಜೊತೆ ಹೊಂದಿಕೊಳ್ಳಬೇಕು, ಬೂಟ್ ಆದಾಗ ತಾನಾಗಿ ಏಳಬೇಕು. ಇವೆಲ್ಲ ಪ್ರತಿ ಡಿಸ್ಟ್ರೋದಲ್ಲೂ ಸ್ವಲ್ಪ ಸ್ವಲ್ಪ ಬೇರೆ. ಹಾಗಾಗಿ ಡೆಬಿಯನ್‌ಗೆ ಡೆಬ್, ಫೆಡೋರಾಗೆ ಆರ್‌ಪಿಎಂ ಅಂತ ಬೇರೆ ಬೇರೆ ಪ್ಯಾಕೇಜ್ ಕಟ್ಟುತ್ತಾರೆ.

ಇನ್‌ಸ್ಟಾಲ್ ಮಾಡೋ ಮೊದಲು ‘ಆಪ್ಟ್ ಶೋ’ ಹೊಡೆದು ವಿವರಣೆ ಓದಿ. ಹತ್ತು ಸೆಕೆಂಡಿನ ಕೆಲಸ. ನಾನು ಓದಲಿಲ್ಲ, ನನ್ನ ಡೆಮೋ ಮುಂದಿನ ವಾರಕ್ಕೆ ಹೋಯಿತು.