ಕೋಲ್ಕತ್ತದಲ್ಲಿ ಒಂದು ಪಾಡಾ ಆರಿಸಿಕೊಳ್ಳಿ

ಪ್ರಶ್ನೆ: ಈ ಚಳಿಗಾಲದಲ್ಲಿ ನಾವು ಗಂಡ ಹೆಂಡತಿ ಕೋಲ್ಕತ್ತಕ್ಕೆ ಹೋಗಬೇಕೆಂದಿದ್ದೇವೆ. ವಿಕ್ಟೋರಿಯಾ ಸ್ಮಾರಕ, ಬೇಲೂರು ಮಠ, ದಕ್ಷಿಣೇಶ್ವರ ಹೇಗೂ ನೋಡುತ್ತೇವೆ. ಅಲ್ಲಿಯ ಜನ ದಿನನಿತ್ಯ ಹೇಗೆ ಬದುಕುತ್ತಾರೆ ಎಂಬುದನ್ನು ಹತ್ತಿರದಿಂದ ಕಾಣುವ ಆಸೆ. ನಮಗೆ ಬಂಗಾಳಿ ಬರುವುದಿಲ್ಲ, ಮೀನು ಮಾಂಸ ತಿನ್ನುವುದಿಲ್ಲ. ಏನು ಮಾಡಬೇಕು?

ಉತ್ತರ: ನೋಡುವ ಜಾಗಗಳ ಪಟ್ಟಿಯನ್ನು ಅರ್ಧಕ್ಕೆ ಇಳಿಸಿ. ಬದಲಿಗೆ ಒಂದು ಕೇರಿಯನ್ನು ಆರಿಸಿಕೊಂಡು ಅಲ್ಲೇ ಉಳಿದುಕೊಳ್ಳಿ. ಇಂಥ ಕೇರಿಗೆ ಅಲ್ಲಿಯವರು ಪಾಡಾ ಎನ್ನುತ್ತಾರೆ. ಪ್ರತಿ ಪಾಡಾಕ್ಕೂ ಅದರದೇ ಚಹಾದಂಗಡಿ, ಮಿಠಾಯಿ ಅಂಗಡಿ, ಕೇರಂ ಆಡುವ ಕ್ಲಬ್ಬು, ಹರಟೆಗೆ ಕೂರುವ ಜಗಲಿ ಇರುತ್ತವೆ. ಉತ್ತರದಲ್ಲಿ ಬಾಗಬಜಾರ್, ಶೋಭಾಬಜಾರ್. ದಕ್ಷಿಣದಲ್ಲಿ ಗಡಿಯಾಹಾಟ್, ಲೇಕ್ ಮಾರ್ಕೆಟ್. ಹಳೆಯ ಮನೆಗಳೂ ಕಿರಿದಾದ ಗಲ್ಲಿಗಳೂ ಇನ್ನೂ ಉಳಿದಿರುವುದರಿಂದ ನನ್ನ ಒಲವು ಉತ್ತರಕ್ಕೆ. ಆದರೆ ಲೇಕ್ ಮಾರ್ಕೆಟ್ ಸುತ್ತ ದಕ್ಷಿಣ ಭಾರತದವರು ಬಹುಕಾಲದಿಂದ ನೆಲೆಸಿದ್ದಾರೆ. ಇಡ್ಲಿ, ಕರಿಬೇವು, ಬಾಳೆಎಲೆ ಬೇಕೆನಿಸಿದರೆ ಅಲ್ಲಿ ತೊಂದರೆಯಿಲ್ಲ.

ಬೆಳಿಗ್ಗೆ ಏಳಕ್ಕೆಲ್ಲ ಹೊರಬಿದ್ದು ಮಾರುಕಟ್ಟೆಗೆ ಹೋಗಿ. ಮೀನಿನ ಸಾಲಿಗೂ ಹೋಗಬೇಕು, ನೀವು ತಿನ್ನದಿದ್ದರೂ ಸರಿ. ಮನೆಯ ಯಜಮಾನ ಚೀಲ ಹಿಡಿದು ಬಂದು, ಮೀನಿನ ಕಿವಿರು ಎತ್ತಿ ಬಣ್ಣ ನೋಡಿ, ಬೆರಳಿನಿಂದ ಒತ್ತಿ, ಬೆಲೆಗೆ ಜಗ್ಗಾಡಿ ಕೊಳ್ಳುವ ಗಾಂಭೀರ್ಯವನ್ನು ನೋಡಬೇಕು. ಮಾರುವವರು ನಮ್ಮ ಈಳಿಗೆಮಣೆಯಂಥದೇ ದೊಡ್ಡ ಬೊಂಟಿಯ ಮುಂದೆ ಕೂತು ಮೀನು ಹೆಚ್ಚುತ್ತಾರೆ. ಆಮೇಲೆ ಮಣ್ಣಿನ ಕುಡಿಕೆಯಲ್ಲಿ ಚಹಾ, ಜೊತೆಗೆ ಕಚೂರಿ. ಚಳಿಗಾಲದಲ್ಲಿ ಹಸಿ ಬಟಾಣಿ ತುಂಬಿದ ಕಚೂರಿ ಸಿಗುತ್ತದೆ, ಬಿಡಬೇಡಿ.

ಊಟದ ವಿಷಯದಲ್ಲಿ ನಿಮಗೆ ಅಳುಕಿದೆ ಎಂದು ಕಾಣುತ್ತದೆ. ನಿಜ ಹೇಳಬೇಕೆಂದರೆ ಬಂಗಾಳದ ಸಸ್ಯಾಹಾರ ಭಾರತದ ಅತಿ ಸೂಕ್ಷ್ಮವಾದ ಅಡುಗೆಗಳಲ್ಲಿ ಒಂದು, ಅದರ ಹಿಂದೆ ದೊಡ್ಡ ನೋವಿದೆ. ಮೇಲ್ಜಾತಿಯ ಹಿಂದೂ ಮನೆಗಳಲ್ಲಿ ವಿಧವೆಯರಿಗೆ ಮೀನು, ಮಾಂಸ ಮಾತ್ರವಲ್ಲ, ಈರುಳ್ಳಿ, ಬೆಳ್ಳುಳ್ಳಿ, ಮಸೂರ ಬೇಳೆಯೂ ನಿಷಿದ್ಧವಾಗಿತ್ತು. ಎಷ್ಟೋ ಹುಡುಗಿಯರು ಹತ್ತು ಹನ್ನೆರಡನೆಯ ವಯಸ್ಸಿಗೇ ಆ ನಿಯಮದೊಳಗೆ ಬಿದ್ದರು. ಬದುಕಿಡೀ ಬೇರೆ ಒಲೆ, ಬೇರೆ ಪಾತ್ರೆ. ಕೈಗೆ ಸಿಕ್ಕ ಸೊಪ್ಪು, ತರಕಾರಿ ಸಿಪ್ಪೆ, ಬಾಳೆ ಹೂವು, ಗಸಗಸೆಗಳಲ್ಲೇ ಅವರು ಒಂದು ಪಾಕಶಾಸ್ತ್ರವನ್ನು ಕಟ್ಟಿದರು. ಬಾಳೆ ಹೂವಿನ ಮೋಚಾರ್ ಘಂಟೊ, ಕಡಲೆಬೇಳೆ ರುಬ್ಬಿ ಬಿಲ್ಲೆ ಮಾಡಿ ಬೇಯಿಸುವ ಧೋಕಾರ್ ಡಾಲ್ನಾ, ಗಸಗಸೆಯ ಆಲೂ ಪೋಸ್ತೊ ತಿನ್ನುವಾಗ ಆ ಹೆಣ್ಣುಮಕ್ಕಳನ್ನು ನೆನೆಯಬೇಕು.

ಊಟಕ್ಕೆ ಒಂದು ಕ್ರಮವಿದೆ. ಮೊದಲು ಕಹಿ: ಹಾಗಲಕಾಯಿ, ಬಾಳೆಕಾಯಿ, ನುಗ್ಗೆಕಾಯಿ ಹಾಕಿದ ಶುಕ್ತೊ. ನಂತರ ಬೇಳೆ ಮತ್ತು ಕರಿದದ್ದು, ಆಮೇಲೆ ಪಲ್ಯಗಳು, ಕೊನೆಗೆ ಸಿಹಿ ಚಟ್ನಿ, ಹಪ್ಪಳ, ಮಿಷ್ಟಿ ದೋಯಿ. ಎಲ್ಲವನ್ನೂ ಒಟ್ಟಿಗೆ ಕಲಸದೆ ಒಂದೊಂದಾಗಿ ತಿನ್ನಿ. ಆಗಲೇ ಅದರ ರುಚಿ ತಿಳಿಯುವುದು. ಎಚ್ಚರಿಕೆ ಒಂದೇ: ಹೆಸರುಬೇಳೆಯಲ್ಲಿ ಮೀನಿನ ತಲೆ, ಸೋರೆಕಾಯಿ ಪಲ್ಯದಲ್ಲಿ ಸೀಗಡಿ ಇರಬಹುದು. ಕೂರುವ ಮೊದಲೇ ‘ನಿರಾಮಿಷ್’ ಬೇಕೆಂದು ಹೇಳಿ.

ಮಧ್ಯಾಹ್ನ ಪಾಡಾದ ಎಷ್ಟೋ ಅಂಗಡಿಗಳು ಬಾಗಿಲೆಳೆದು ಮಲಗುತ್ತವೆ. ನೀವೂ ಮಲಗಿ.

ಇಳಿಹೊತ್ತಿಗೆ ಹೌರಾದಿಂದ ಫೆರಿ ಹತ್ತಿ ಬಾಗಬಜಾರ್ ಕಡೆಗೆ ಹೋಗಿ. ಹೂಗ್ಲಿಯ ಮೇಲೆ ಕೆಲವೇ ರೂಪಾಯಿಗೆ ಕಚೇರಿಯವರು, ತರಕಾರಿ ಮೂಟೆಯವರು, ಶಾಲೆ ಮಕ್ಕಳು ಒಟ್ಟಿಗೆ ದಾಟುತ್ತಾರೆ. ಇಳಿದು ನಡೆದರೆ ಮೂರ್ತಿ ಮಾಡುವವರ ಕೇರಿ ಕುಮಾರಟೂಲಿ. ಬಿದಿರಿನ ಚೌಕಟ್ಟು, ಅದರ ಮೇಲೆ ಬಿಗಿದು ಕಟ್ಟಿದ ಹುಲ್ಲು, ಮೇಲೆ ನದಿಯ ಮಣ್ಣು: ಮೂರ್ತಿ ಹಂತಹಂತವಾಗಿ ಮೈದಳೆಯುವುದನ್ನು ಬೀದಿಯಲ್ಲಿ ನಿಂತೇ ನೋಡಬಹುದು. ಚಳಿಗಾಲದಲ್ಲಿ ಅವರು ಸರಸ್ವತಿಯನ್ನು ಮಾಡುತ್ತಿರುತ್ತಾರೆ. ಫೋಟೊ ತೆಗೆಯುವ ಮೊದಲು ಕೇಳಿ. ಅದು ಅವರು ದುಡಿಯುವ ಜಾಗ. ದುರ್ಗಾಪೂಜೆಗೆ 2021ರಲ್ಲಿ ಯುನೆಸ್ಕೊ ಮನ್ನಣೆ ಸಿಕ್ಕಿತು. ಆ ಹಬ್ಬದ ಬೆನ್ನೆಲುಬು ಈ ಗಲ್ಲಿಗಳ ಕೈಕೆಲಸ.

ಒಂದು ದಿನವನ್ನು ಕಾಲೇಜ್ ಸ್ಟ್ರೀಟಿಗೆ ಇಡಿ. ಭಾನುವಾರ ಬೇಡ, ಬಹುತೇಕ ಪುಸ್ತಕದಂಗಡಿಗಳು ಮುಚ್ಚಿರುತ್ತವೆ. ಅಲ್ಲಿಯ ಕಾಫಿ ಹೌಸನ್ನು ನಡೆಸುವುದು ಕಾರ್ಮಿಕರ ಸಹಕಾರ ಸಂಘ. ನಮ್ಮ ಫಿಲ್ಟರ್ ಕಾಫಿಯ ನಾಲಗೆಗೆ ಅಲ್ಲಿಯ ಕಾಫಿ ಸಪ್ಪೆ. ಆದರೆ ಒಂದು ಕಪ್ಪಿಗೆ ಗಂಟೆಗಟ್ಟಲೆ ಕೂತರೂ ಯಾರೂ ಏಳಿ ಎನ್ನುವುದಿಲ್ಲ, ಅಡ್ಡಾ ಎಂಬ ಅವರ ಹರಟೆಕೂಟ ಬೆಳೆದದ್ದೇ ಹಾಗೆ. ಬಂಗಾಳಿ ಬರದಿದ್ದರೆ ಹಿಂದಿ, ಇಂಗ್ಲಿಷ್ ಸಾಕು. ಹಿರಿಯರನ್ನು ದಾದಾ, ದೀದಿ ಎಂದು ಕರೆಯಿರಿ. ಬಿ. ವೆಂಕಟಾಚಾರ್ಯರು ನೂರು ವರ್ಷಕ್ಕೂ ಹಿಂದೆಯೇ ಬಂಕಿಮಚಂದ್ರರ ಕಾದಂಬರಿಗಳನ್ನು ಕನ್ನಡಕ್ಕೆ ತಂದರು, ಶರತ್‌ಚಂದ್ರರನ್ನು ನಮ್ಮ ಅಜ್ಜಿಯರೂ ಓದಿದ್ದರು ಎಂದು ಪಕ್ಕದ ಮೇಜಿನವರಿಗೆ ಹೇಳಿ ನೋಡಿ, ಮಾತು ತಾನಾಗಿ ತೆರೆಯುತ್ತದೆ. ಸಾಹಿತ್ಯ ಬೇಡವೆಂದರೆ ಮೋಹನ್ ಬಗಾನ್, ಈಸ್ಟ್ ಬೆಂಗಾಲ್‌ಗಳಲ್ಲಿ ನಿಮ್ಮದು ಯಾವ ಫುಟ್‌ಬಾಲ್ ತಂಡ ಎಂದು ಕೇಳಿ. ಉತ್ತರದ ಜೊತೆ ಆ ಮನೆತನ ದೇಶ ವಿಭಜನೆಯಲ್ಲಿ ಪದ್ಮಾ ನದಿಯಾಚೆಯಿಂದ ಬಂದದ್ದೋ, ಇಲ್ಲಿಯದೇ ಮೂಲದ್ದೋ ಎಂಬ ಕಥೆಯೂ ಹೊರಡಬಹುದು. ಅದನ್ನು ತಾಳ್ಮೆಯಿಂದ ಕೇಳಿ.

ಟಿಕೆಟ್ ಇನ್ನೂ ಕಾಯ್ದಿರಿಸಿಲ್ಲವಾದರೆ ಡಿಸೆಂಬರ್ ಕೊನೆ ಅಥವಾ ಜನವರಿಯನ್ನು ಆರಿಸಿ. ಈಚಲು ಮರದ ರಸ ಕಾಯಿಸಿ ಮಾಡುವ ಹೊಸ ಬೆಲ್ಲ, ನೊಲೆನ್ ಗುಡ್, ಚಳಿಗಾಲದಲ್ಲಿ ಮಾತ್ರ ಸಿಗುತ್ತದೆ. ಅದರ ಸಂದೇಶ್ ಅನ್ನು ಪಾಡಾದ ಮಿಠಾಯಿ ಅಂಗಡಿಯಲ್ಲೇ ನಿಂತು ತಿನ್ನಿ. ಕಟ್ಟಿಸಿಕೊಂಡು ಊರಿಗೆ ತರುವ ಹೊತ್ತಿಗೆ ಅದರ ಪರಿಮಳ ಉಳಿಯುವುದಿಲ್ಲ.