ಹೊಸ ಅಂಗಡಿ, ಒಂದೇ ಸ್ಟಾರ್

ಮೇಡಂ, ನಮ್ಮದು ಇಳಕಲ್ ಹತ್ತಿರದ ನೇಕಾರರ ಮನೆ. ಮಾವನವರು, ಯಜಮಾನರು ಇಬ್ಬರೂ ಕೈಮಗ್ಗದ ಮೇಲೆ ಕೂರುತ್ತಾರೆ. ನೇಯ್ದ ಸೀರೆ ಇಷ್ಟು ವರ್ಷ ಊರಿನ ಸಾಹುಕಾರರಿಗೇ ಹೋಗುತ್ತಿತ್ತು. ನಾನು ಬಿ.ಕಾಂ. ಓದಿದವಳು. ಯುಗಾದಿ ಆದ ಮೇಲೆ ಧೈರ್ಯ ಮಾಡಿ ದೊಡ್ಡದೊಂದು ಆನ್‌ಲೈನ್ ಮಾರುಕಟ್ಟೆಯಲ್ಲಿ ಅಂಗಡಿ ತೆರೆದೆ. ಮೂರು ತಿಂಗಳಲ್ಲಿ ಐದು ಆರ್ಡರ್ ಬಂದವು, ಅದರಲ್ಲಿ ಎರಡು ಸೀರೆ ವಾಪಸ್. ಒಬ್ಬರು ಒಂದೇ ಸ್ಟಾರ್ ಕೊಟ್ಟು, ‘ಫೋಟೊದಲ್ಲಿರೋ ಬಣ್ಣ ಬೇರೆ, ಬಂದಿರೋ ಬಣ್ಣ ಬೇರೆ. ನೀರಿಗೆ ಹಾಕಿದ ಕೂಡಲೇ ಬಣ್ಣ ಬಿಡ್ತು’ ಎಂದು ಬರೆದಿದ್ದಾರೆ. ಯಜಮಾನರು ಸಿಟ್ಟಿಗೆದ್ದು ಅದರ ಕೆಳಗೇ, ‘ಕೈಮಗ್ಗದ ಸೀರಿ ಅಂದ್ರೇನಂತ ನಿಮಗ ಗೊತ್ತಿಲ್ಲ’ ಎಂದು ಉತ್ತರ ಹಾಕಿಬಿಟ್ಟರು. ಅಂದಿನಿಂದ ಆರ್ಡರೇ ಇಲ್ಲ. ರಿವ್ಯೂ ಇಲ್ಲದೆ ಯಾರೂ ಕೊಳ್ಳುವುದಿಲ್ಲ, ಕೊಳ್ಳದೆ ರಿವ್ಯೂ ಬರುವುದಿಲ್ಲ. ಮೈದುನ, ‘ಪ್ಯೂರ್ ಸಿಲ್ಕ್ ಅಂತ ಹಾಕ್ರಿ ವೈನಿ, ಎಲ್ಲಾರೂ ಹಾಕ್ತಾರ’ ಎನ್ನುತ್ತಾನೆ. ಅಕ್ಕ-ತಂಗಿಯರ ಹೆಸರಿನಲ್ಲಿ ನಾವೇ ಆರ್ಡರ್ ಮಾಡಿ ಐದು ಸ್ಟಾರ್ ಕೊಟ್ಟುಕೊಂಡರೆ ತಪ್ಪೇ? ರೇಟು ಇಳಿಸಲೇ? ಇಲ್ಲ ಮುಚ್ಚಿಬಿಡಲೇ?

— ಹೆಸರು ಬೇಡ, ಬಾಗಲಕೋಟೆ ಜಿಲ್ಲೆ

ಮುಚ್ಚಬೇಡಿ. ಅಕ್ಕ-ತಂಗಿಯರ ಹೆಸರಿನ ಉಪಾಯವನ್ನು ಮಾತ್ರ ಇಂದೇ ಕೈಬಿಡಿ.

ಅದು ತಪ್ಪೇ ಎಂದು ಕೇಳಿದ್ದೀರಿ. ತಪ್ಪಷ್ಟೇ ಅಲ್ಲ, ಕಾನೂನಿಗೂ ವಿರುದ್ಧ. 2020ರಲ್ಲಿ ಬಂದ ಗ್ರಾಹಕ ಸಂರಕ್ಷಣೆಯ ಇ-ಕಾಮರ್ಸ್ ನಿಯಮಗಳಲ್ಲಿ, ಮಾರುವವರು ತಾವೇ ಗ್ರಾಹಕರ ವೇಷ ಹಾಕಿ ರಿವ್ಯೂ ಬರೆಯಬಾರದು, ಮಾಲಿನ ಗುಣವನ್ನು ಇದ್ದದ್ದಕ್ಕಿಂತ ಬೇರೆಯಾಗಿ ಹೇಳಬಾರದು ಎಂದು ಸ್ಪಷ್ಟವಾಗಿಯೇ ಇದೆ. ಹೇಳಿದಂತಿಲ್ಲದ ಮಾಲನ್ನು ವಾಪಸ್ ತೆಗೆದುಕೊಳ್ಳುವುದಿಲ್ಲ ಎನ್ನುವಂತೆಯೂ ಇಲ್ಲ. ಒಂದೇ ಊರಿನ ಪಿನ್‌ಕೋಡಿಗೆ, ಒಂದೇ ಅಡ್ಡಹೆಸರಿನ ನಾಲ್ಕು ಜನರಿಗೆ ಸೀರೆ ಹೋಗಿ, ನಾಲ್ವರೂ ಅದೇ ವಾರ ಹೊಗಳಿದರೆ ಮಾರುಕಟ್ಟೆಯ ಕಂಪ್ಯೂಟರಿಗೆ ಅನುಮಾನ ಬರುವುದು ಕಷ್ಟವೇನಲ್ಲ. ಖಾತೆ ಬಂದ್ ಆದರೆ ಇರುವ ಐದು ಗಿರಾಕಿಗಳೂ ಹೋದರು.

ಇನ್ನು ಆ ಒಂದು ಸ್ಟಾರ್. ನಿಮ್ಮ ನಿದ್ದೆ ಕೆಟ್ಟಿರುವುದು ಅದರಿಂದಲೇ ಎಂದು ಪತ್ರ ಓದಿದರೆ ಗೊತ್ತಾಗುತ್ತದೆ. ಅಮೆರಿಕದಲ್ಲಿ 1995ರಲ್ಲಿ ಶುರುವಾದ ಇಬೇ ಎಂಬ ಮಾರುಕಟ್ಟೆಯಲ್ಲಿ ಸಂಶೋಧಕರು ಒಂದು ಪ್ರಯೋಗ ಮಾಡಿದ್ದರು, ಅದರ ವರದಿ 2006ರಲ್ಲಿ ಪ್ರಕಟವಾಯಿತು. ಹಳೆಯ ಪೋಸ್ಟ್‌ಕಾರ್ಡುಗಳನ್ನು ಮಾರುವ ಒಬ್ಬ ಅನುಭವಿ, ಒಂದೇ ತರಹದ ಮಾಲನ್ನು ತನ್ನ ಹೆಸರುವಾಸಿ ಖಾತೆಯಿಂದಲೂ, ಯಾರಿಗೂ ಗೊತ್ತಿಲ್ಲದ ಹೊಸ ಖಾತೆಗಳಿಂದಲೂ ಮಾರಿದರು. ಹಳೆಯ ಹೆಸರಿಗೆ ಕೊಳ್ಳುವವರು ಕೊಡಲು ಸಿದ್ಧರಿದ್ದ ಬೆಲೆ ಎಷ್ಟು ಜಾಸ್ತಿ ಇದ್ದೀತು ಹೇಳಿ? ಶೇ 8.1. ಅಷ್ಟೇ. ಅದರ ಜೊತೆಗೇ ನಡೆದ ಇನ್ನೊಂದು ಸಣ್ಣ ಪ್ರಯೋಗದಲ್ಲಿ, ಹೊಸ ಖಾತೆಯ ಮೇಲೆ ಒಂದೆರಡು ಕೆಟ್ಟ ಅಭಿಪ್ರಾಯಗಳಿದ್ದರೂ ಬೆಲೆಯಲ್ಲಿ ವ್ಯತ್ಯಾಸ ಕಾಣಲಿಲ್ಲ. ಪೋಸ್ಟ್‌ಕಾರ್ಡಿನ ಲೆಕ್ಕ ಸೀರೆಗೆ ಹಾಗೇ ಕೂಡುವುದಿಲ್ಲ, ನಿಜ. ಆದರೆ ಹೊಸಬರು ಹೆದರುವಷ್ಟು ದೊಡ್ಡ ಗೋಡೆ ಅಲ್ಲಿಲ್ಲ ಎನ್ನುವುದಕ್ಕೆ ಸಾಕು.

ನಿಮ್ಮ ಅಂಗಡಿಗೆ ಪೆಟ್ಟು ಬಿದ್ದಿದ್ದರೆ ಅದು ಸ್ಟಾರಿನಿಂದ ಅಲ್ಲ, ಯಜಮಾನರ ಉತ್ತರದಿಂದ. ಅವರ ಸಿಟ್ಟು ನನಗೆ ಅರ್ಥವಾಗುತ್ತದೆ. ದಿನಗಟ್ಟಲೆ ಕಾಲು ಬೆನ್ನು ನೋಯಿಸಿಕೊಂಡು ನೇಯ್ದದ್ದನ್ನು ಯಾರೋ ಎರಡು ಸಾಲಿನಲ್ಲಿ ಕಸ ಎಂದರೆ ಯಾರಿಗಾದರೂ ಉರಿಯುತ್ತದೆ. ಆದರೆ ಆ ಉತ್ತರವನ್ನು ಓದುತ್ತಿರುವವರು ದೂರು ಕೊಟ್ಟ ಹೆಂಗಸಲ್ಲ, ಅವರು ಎಂದೋ ಬೇರೆ ಕಡೆ ಹೋದರು. ಓದುತ್ತಿರುವವರು ಕೊಳ್ಳಲೋ ಬೇಡವೋ ಎಂದು ಫೋನ್ ಹಿಡಿದು ಕೂತಿರುವ ಹೊಸಬರು. ‘ನನ್ನ ಸೀರೆಗೂ ಏನಾದರೂ ಆದರೆ ಹೀಗೇ ಬೈಸಿಕೊಳ್ಳಬೇಕೇನೋ’ ಎಂದು ಅವರಿಗೆ ಅನ್ನಿಸುತ್ತದೆ. ಆ ಉತ್ತರ ತೆಗೆದು ಇಷ್ಟು ಬರೆಯಿರಿ: ‘ಫೋಟೊ ಟ್ಯೂಬ್‌ಲೈಟಿನಲ್ಲಿ ತೆಗೆದದ್ದರಿಂದ ಬಣ್ಣ ಬೇರೆಯಾಗಿ ಕಂಡಿತ್ತು, ಈಗ ಬದಲಾಯಿಸಿದ್ದೇವೆ. ಬಣ್ಣ ಬಿಡುವ ವಿಷಯ ಮೊದಲೇ ಹೇಳಬೇಕಿತ್ತು. ಸೀರೆ ವಾಪಸ್ ಕಳಿಸಿ, ಹಣ ಪೂರ್ತಿ ಕೊಡುತ್ತೇವೆ.’ ಟ್ಯೂಬ್‌ಲೈಟ್ ನನ್ನ ಊಹೆ, ನಿಮ್ಮಲ್ಲಿ ನಿಜವಾಗಿ ಏನಾಗಿತ್ತೋ ಅದನ್ನೇ ಬರೆಯಿರಿ. ಕೊನೆಯ ಮಾತನ್ನು ನಡೆಸಿಕೊಡುವುದಾದರೆ ಮಾತ್ರ ಹಾಕಿ.

ಒಂದು ಮಾತು ಯಜಮಾನರಿಗೆ ಹಿಡಿಸಲಿಕ್ಕಿಲ್ಲ: ಆ ಗಿರಾಕಿ ಹೇಳಿದ್ದು ಸರಿ. ಕೈಮಗ್ಗದ್ದಾದರೆ ಬಣ್ಣ ಬಿಡಲೇಬೇಕು ಎಂದೇನೂ ಇಲ್ಲ, ಅದು ಬಣ್ಣದ, ಬಣ್ಣ ಹಾಕಿದವರ ಕೆಲಸದ ಪ್ರಶ್ನೆ. ಬಿಳಿ ಬಟ್ಟೆಯ ತುಂಡನ್ನು ಒದ್ದೆ ಮಾಡಿ ಸೀರೆಯ ದಡಿಗೂ ಸೆರಗಿಗೂ ಚೆನ್ನಾಗಿ ಉಜ್ಜಿ ನೋಡಿ. ಬಿಳಿಗೆ ಬಣ್ಣ ಹತ್ತಿದರೆ ಬಣ್ಣ ಹಾಕುವವರನ್ನು ವಿಚಾರಿಸಿ. ಮನೆಯಲ್ಲಿ ಈಗಾಗಲೇ ಇರುವ ಸೀರೆಗಳ ಪುಟದಲ್ಲಿ, ‘ಮೊದಲ ಎರಡು ಸಲ ಬೇರೆಯಾಗಿ ತಣ್ಣೀರಿನಲ್ಲಿ ಒಗೆಯಿರಿ, ನೆರಳಿನಲ್ಲಿ ಒಣಗಿಸಿ, ಸ್ವಲ್ಪ ಬಣ್ಣ ಬಿಡುತ್ತದೆ’ ಎಂದು ಮೇಲೆಯೇ ಹಾಕಿ. ಹೀಗೆ ಹಾಕಿದರೆ ಕೆಲವರು ಕೊಳ್ಳದೆ ಹೋಗುತ್ತಾರೆ. ಹೋಗಲಿ, ಅವರು ಕೊಂಡು ವಾಪಸ್ ಕಳಿಸುವವರೇ ಆಗಿದ್ದರು. ಮುಖ ನೋಡದ ವ್ಯಾಪಾರದಲ್ಲಿ ಪಾರ್ಸೆಲ್ ಬಿಚ್ಚಿದಾಗ ಬೇಸರವಾಗುವಂಥದ್ದು ಏನಿದೆಯೋ ಅದನ್ನು ದುಡ್ಡು ಕೊಡುವ ಮೊದಲೇ ಗಿರಾಕಿಗೆ ತಿಳಿಸಿಬಿಡಬೇಕು. ನಂಬಿಕೆಯ ಬಗ್ಗೆ ನಾನು ಹೇಳಬೇಕಾದದ್ದರಲ್ಲಿ ಮುಕ್ಕಾಲು ಪಾಲು ಇದೇ.

ಈಗ ಫೋಟೊ. ನೀವು ಅಂಗಡಿಯ ಹೆಸರು ಬರೆದಿಲ್ಲವಾದ್ದರಿಂದ ನಿಮ್ಮ ಪುಟ ನಾನು ನೋಡಿಲ್ಲ. ಆದರೆ ಇಂಥ ಪುಟಗಳಲ್ಲಿ ಸಾಮಾನ್ಯವಾಗಿ ಇರುವುದು ಮಡಿಚಿಟ್ಟ ಸೀರೆಯ ಒಂದು ಚಿತ್ರ, ಇಲ್ಲವೇ ಎಲ್ಲಿಂದಲೋ ಎತ್ತಿಕೊಂಡ ಮಾಡೆಲ್ ಚಿತ್ರ. ಎರಡೂ ಬೇಡ. ಬೆಳಗಿನ ಹೊತ್ತು, ಬಿಸಿಲು ನೇರ ಬೀಳದ ಪಡಸಾಲೆಯಲ್ಲಿ, ಫ್ಲ್ಯಾಶ್ ಇಲ್ಲದೆ ತೆಗೆಯಿರಿ. ಒಡಲು ಒಂದು, ದಡಿ ಒಂದು, ಟೋಪ್ ತೆನಿ ಸೆರಗನ್ನು ಪೂರ್ತಿ ಹರಡಿ ಒಂದು. ಆಮೇಲೆ ಬಹಳ ಜನ ಬಿಟ್ಟುಬಿಡುವ ಚಿತ್ರ: ಒಡಲಿನ ಹಾಸಿಗೂ ಸೆರಗಿನ ಹಾಸಿಗೂ ಕೊಂಡಿ ಹಾಕಿ ಕೂಡಿಸಿದ ಜಾಗವನ್ನು ಹತ್ತಿರದಿಂದ, ಎಳೆ ಎಳೆ ಕಾಣುವಂತೆ. ಇಳಕಲ್ ಸೀರೆಯನ್ನು ಬಲ್ಲವರು ಮೊದಲು ನೋಡುವುದು ಅದನ್ನೇ. ಬಲ್ಲದವರಿಗೆ ಕೆಳಗೆ ಎರಡು ಸಾಲಿನಲ್ಲಿ ಹೇಳಿ: ಈ ಕೊಂಡಿಯಿಂದಾಗಿ ಪ್ರತಿ ಸೀರೆಗೂ ಬೇರೆ ಹಾಸು ಹೂಡಬೇಕು, ಥಾನುಗಟ್ಟಲೆ ನೇಯಲಾಗದು. ನಿಮ್ಮ ಮನೆಯವರಿಗೆ ಇದು ದಿನಬೆಳಗಾದರೆ ನೋಡುವ ಸಂಗತಿ, ಹೇಳುವಂಥದ್ದೇನಿದೆ ಎನ್ನಿಸಬಹುದು. ಬೆಂಗಳೂರಿನ ಫ್ಲ್ಯಾಟಿನಲ್ಲಿ ಕೂತವರಿಗೆ ಹೊಸ ಸುದ್ದಿ.

ಸಾಧ್ಯವಾದರೆ ಮಾವನವರು ಲಾಳಿ ಎಸೆಯುತ್ತಿರುವ ಒಂದು ಚಿಕ್ಕ ವಿಡಿಯೊ ಹಾಕಿ. ಅವರೇನೂ ಮಾತಾಡಬೇಕಿಲ್ಲ, ಹಿಂದೆ ಹಾಡು ಹಾಕುವುದಂತೂ ಬೇಡವೇ ಬೇಡ. ಜವಳಿ ಸಮಿತಿ ಕೊಡುವ ಹ್ಯಾಂಡ್‌ಲೂಮ್ ಮಾರ್ಕ್ ಚೀಟಿಗೆ ಅರ್ಜಿ ಹಾಕಿ. 2006ರಿಂದ ಇರುವ ಈ ಗುರುತು ಮಾಲು ನಿಜಕ್ಕೂ ಕೈಮಗ್ಗದ್ದೇ ಎನ್ನುವುದಕ್ಕೆ ಹೊರಗಿನವರ ಸಾಕ್ಷಿ. ಇಳಕಲ್ ಸೀರೆಗೆ ಭೌಗೋಳಿಕ ಸೂಚಕದ ಮಾನ್ಯತೆಯೂ ಇದೆ, ಅದರ ಅಧಿಕೃತ ಬಳಕೆದಾರರಾಗಿ ಹೆಸರು ಹಚ್ಚಿಸಿಕೊಳ್ಳುವುದನ್ನು ಜಿಲ್ಲಾ ಕೈಮಗ್ಗ ಮತ್ತು ಜವಳಿ ಕಚೇರಿಯಲ್ಲಿ ವಿಚಾರಿಸಿ. ಹೊಸ ಅಂಗಡಿಗೆ ತನ್ನದೇ ಹೆಸರು ಇನ್ನೂ ಇಲ್ಲದಿರುವಾಗ ಊರಿನ ಹೆಸರು ಕೈಹಿಡಿಯುತ್ತದೆ.

ಆ ಊರಿನ ಹೆಸರಿಗೇ ಕಲ್ಲು ಹಾಕುವುದು ಮೈದುನನ ಸಲಹೆ. ಒಡಲು ಹತ್ತಿ, ಸೆರಗು ಆರ್ಟ್ ಸಿಲ್ಕ್ ಆಗಿದ್ದರೆ ಅದನ್ನೇ ಬರೆಯಿರಿ, ಹಾಸು ಯಾವುದು, ಹೊಕ್ಕು ಯಾವುದು ಎಂದು ಬಿಡಿಸಿ. ಉದ್ದ ಎಷ್ಟು ಮೀಟರ್, ಕುಪ್ಪಸದ ಬಟ್ಟೆ ಸೇರಿದೆಯೋ ಇಲ್ಲವೋ ಅದೂ ಇರಲಿ. ಒಂದು ಎಳೆ ಕಿತ್ತು ಬೆಂಕಿಗೆ ಹಿಡಿದರೆ ರೇಷ್ಮೆಯೋ ಅಲ್ಲವೋ ಎಂದು ವಾಸನೆಯಿಂದಲೇ ಹೇಳುವ ಅಜ್ಜಿಯರು ಗಿರಾಕಿಗಳ ಮನೆಯಲ್ಲೂ ಇರುತ್ತಾರೆ. ‘ಎಲ್ಲಾರೂ ಹಾಕ್ತಾರ’ ಎಂಬುದು ನಿಜವಿದ್ದರೆ, ಹಾಕದೇ ಇರುವ ನಿಮ್ಮ ಪುಟ ಬೇರೆಯಾಗಿ ಕಾಣುತ್ತದೆ, ಒಳ್ಳೆಯದೇ ಆಯಿತು.

ರೇಟು ಇಳಿಸಬೇಡಿ. ಪವರ್‌ಲೂಮ್ ನಕಲಿನ ಬೆಲೆಗೆ ಕೈಮಗ್ಗದ ಸೀರೆ ಇಟ್ಟರೆ, ಬಲ್ಲವರು ಇದೂ ನಕಲೇ ಎಂದುಕೊಳ್ಳುತ್ತಾರೆ, ಬಲ್ಲದವರು ಮುಂದಿನ ಸಲವೂ ಅದೇ ಬೆಲೆ ಕೇಳುತ್ತಾರೆ. ಕಡಿಮೆ ಮಾಡಬೇಕಾದದ್ದು ಗಿರಾಕಿಯ ಭಯವನ್ನು. ಗೊತ್ತಿಲ್ಲದ ಅಂಗಡಿಗೆ ಸಾವಿರಗಟ್ಟಲೆ ಕೊಡಲು ಹಿಂಜರಿಯುವವರು ಒಂದು ಸಣ್ಣ ಮಾಲನ್ನು ಕೊಂಡು ನೋಡಲು ಹಿಂಜರಿಯುವುದಿಲ್ಲ. ಗುಳೇದಗುಡ್ಡ ನಿಮಗೆ ದೂರವಲ್ಲ. ಅಲ್ಲಿಯ ನೇಕಾರರಿಂದಲೇ ಖಣ ತಂದು, ಅವರದೇ ಎಂದು ಹೇಳಿ, ಕುಪ್ಪಸದ ಅಳತೆಗೆ ಮಾರಿ. ಖಣ ಸರಿಯಾಗಿ ಬಂತೆಂದರೆ ಸೀರೆಗೆ ಮತ್ತೆ ಬರುತ್ತಾರೆ. ಮೊದಲ ರಿವ್ಯೂಗಳೂ ಬಹುಶಃ ಅಲ್ಲಿಂದಲೇ ಬರುತ್ತವೆ.

ಕ್ಯಾಶ್ ಆನ್ ಡೆಲಿವರಿ ತೆಗೆದುಬಿಡಿ ಎಂದು ಕೆಲವರು ನಿಮಗೆ ಹೇಳುತ್ತಾರೆ, ಬಾಗಿಲಿಗೆ ಹೋದ ಮೇಲೆ ‘ಬೇಡ’ ಎನ್ನುವವರ ಕಾಟ ಅದರಲ್ಲಿ ಹೆಚ್ಚು. ಆದರೂ ಈಗಲೇ ತೆಗೆಯಬೇಡಿ. ಬೆಂಗಳೂರಿನ ಫ್ಲಿಪ್‌ಕಾರ್ಟ್ 2010ರಲ್ಲಿ ಅದನ್ನು ತಂದದ್ದೇ, ಮುಂಗಡ ಕೊಡಲು ನಮ್ಮವರು ಹೆದರುತ್ತಿದ್ದರು ಎಂಬ ಕಾರಣಕ್ಕೆ. ನಿಮ್ಮಂಥ ಹೊಸ ಅಂಗಡಿಯ ಮುಂದೆ ಆ ಹೆದರಿಕೆ ಇಂದಿಗೂ ಇದೆ. ಪ್ರತಿ ಪಾರ್ಸೆಲ್ ಕಟ್ಟುವಾಗ ವಿಡಿಯೊ ಮಾಡಿಡಿ: ಆರ್ಡರ್ ಚೀಟಿ, ಬಿಚ್ಚಿದ ಸೆರಗು, ಮಡಿಚಿ ಟೇಪ್ ಹಚ್ಚುವುದು, ಎಲ್ಲವೂ ನಡುವೆ ಕತ್ತರಿಸದೆ ಒಂದೇ ಓಟದಲ್ಲಿ. ವಾಪಸ್ ಬಂದ ಪಾರ್ಸೆಲ್ ಬಿಚ್ಚುವಾಗಲೂ ಹಾಗೆಯೇ. ಉಟ್ಟ ಸೀರೆಯನ್ನೋ ಬೇರೆ ಸೀರೆಯನ್ನೋ ಕಳಿಸುವವರೂ ಇದ್ದಾರೆ, ಆಗ ಕ್ಲೇಮ್ ಹಾಕಲು ನಿಮ್ಮ ಕೈಯಲ್ಲಿರುವ ಆಧಾರ ಇದೊಂದೇ. ಪಾರ್ಸೆಲಿನೊಳಗೆ ಒಗೆಯುವ ಕ್ರಮದ ಚೀಟಿ ಇಡಿ. ‘ಐದು ಸ್ಟಾರ್ ಕೊಟ್ಟರೆ ಐವತ್ತು ರೂಪಾಯಿ ವಾಪಸ್’ ಎಂಬ ಚೀಟಿ ಇಡಬೇಡಿ, ಅದೂ ಸುಳ್ಳು ರಿವ್ಯೂವಿನ ತಮ್ಮನೇ.

ಜಿಎಸ್‌ಟಿ ಬಗ್ಗೆ ನೀವು ಕೇಳಿಲ್ಲ, ಆದರೂ ಚುಟುಕಾಗಿ ಹೇಳಿಬಿಡುತ್ತೇನೆ. ವರ್ಷದ ವಹಿವಾಟು 40 ಲಕ್ಷದೊಳಗಿರುವ ಸಣ್ಣ ಮಾರಾಟಗಾರರು 2023ರ ಅಕ್ಟೋಬರ್ 1ರಿಂದ ಜಿಎಸ್‌ಟಿ ನೋಂದಣಿ ಇಲ್ಲದೆಯೂ, ಪ್ಯಾನ್ ಕೊಟ್ಟು ಎನ್‌ರೋಲ್‌ಮೆಂಟ್ ಸಂಖ್ಯೆ ಪಡೆದು ಆನ್‌ಲೈನ್ ಮಾರುಕಟ್ಟೆಯಲ್ಲಿ ಮಾಲು ಮಾರಬಹುದು. ಆದರೆ ರಾಜ್ಯದೊಳಗೆ ಮಾತ್ರ. ಇಳಕಲ್ ಸೀರೆಗೆ ಮಹಾರಾಷ್ಟ್ರದಲ್ಲಿ ಒಳ್ಳೆಯ ಬೇಡಿಕೆ ಇದೆ, ಅಲ್ಲಿಗೆ ಕಳಿಸುವ ಆಸೆ ಇದ್ದರೆ ನೋಂದಣಿ ಬೇಕು. ನೀವು ಬಿ.ಕಾಂ. ಓದಿದವರು, ಇದು ನಿಮಗೆ ಕಷ್ಟವಲ್ಲ.

ಮಾರಾಟಕ್ಕೆ ಹೊಸಬರು ಎಂದು ಗೊತ್ತಾದ ಕೂಡಲೇ ಬರುವ ಒಂದು ಫೋನ್ ಕರೆಯಿದೆ. ‘ಮದುವೆಗೆ ಹನ್ನೆರಡು ಸೀರೆ ಬೇಕು, ಅಡ್ವಾನ್ಸ್ ಹಾಕ್ತೀನಿ, ಈ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ ಪಿನ್ ಒತ್ತಿ’ ಎನ್ನುತ್ತಾರೆ. ನಮ್ಮ ಖಾತೆಗೆ ಹಣ ಬರಲು ಪಿನ್ ಬೇಕಾಗುವುದಿಲ್ಲ, ಪಿನ್ ಒತ್ತಿದರೆ ಹಣ ಹೋಗುವುದೇ. ಈ ಮಾತು ಮನೆಯಲ್ಲಿ ಫೋನ್ ಎತ್ತುವ ಎಲ್ಲರಿಗೂ ಗೊತ್ತಿರಲಿ. ಹಾಗೇನಾದರೂ ಆಗಿಹೋದರೆ ತಡಮಾಡದೆ 1930ಕ್ಕೆ ಕರೆ ಮಾಡಿ.

ಸಾಹುಕಾರರಿಗೆ ಸೀರೆ ಕೊಡುವುದನ್ನು ಸದ್ಯಕ್ಕೆ ನಿಲ್ಲಿಸಬೇಡಿ. ಆನ್‌ಲೈನ್ ಹಣ ಕೈಸೇರಲು ದಿನ ಹಿಡಿಯುತ್ತದೆ, ಅಲ್ಲಿಯವರೆಗೆ ನೂಲಿಗೆ, ಮನೆಗೆ ದುಡ್ಡು ಬೇಕಲ್ಲ. ಅಂಗಡಿಯಲ್ಲಿ ಟ್ರಂಕಿನೊಳಗೆ ಮುಗಿದು ಕೂತಿರುವ ಸೀರೆಗಳನ್ನು ಮಾತ್ರ ಇಡಿ. ಮಗ್ಗದ ಮೇಲಿರುವುದಕ್ಕೆ ಆರ್ಡರ್ ತೆಗೆದುಕೊಂಡರೆ, ಕರೆಂಟೋ ಜ್ವರವೋ ಊರಹಬ್ಬವೋ ಅಡ್ಡ ಬಂದು ತಡವಾಗುತ್ತದೆ, ಹೊಸ ಖಾತೆಗೆ ಅದು ಒಳ್ಳೆಯದಲ್ಲ. ನಾಲ್ಕು ಸೀರೆ, ಹತ್ತು ಖಣ, ಇಷ್ಟರಿಂದ ಮತ್ತೆ ಶುರು ಮಾಡಿ. ದೀಪಾವಳಿ ಕಳೆದ ಮೇಲೆ, ಎಷ್ಟು ಹೋದವು, ಎಷ್ಟು ವಾಪಸ್ ಬಂದವು, ಯಾವ ಕಾರಣಕ್ಕೆ ಎಂದು ಬರೆದು ಕಳಿಸಿ. ವಾಪಸ್ ಬಂದವುಗಳ ಕಾರಣವನ್ನು ಗಿರಾಕಿಯ ಮಾತಿನಲ್ಲೇ ಬರೆಯಿರಿ, ಯಜಮಾನರ ಮಾತಿನಲ್ಲಿ ಬೇಡ.